ಆಲದೇರಿಯಲ್ಲ, ಅಳದೇರಿ

ನಮ್ಮೂರಿನ ಕೆರೆಯ ಏರಿಯ ಮೇಲೆ ‘ಆಲದೇರಿ’ ಎಂದು ಯಾರೋ ಪುಣ್ಯಾತ್ಮರು ಹಲಗೆ ಬರೆಸಿ ನಿಲ್ಲಿಸಿದ್ದಾರೆ. ಏರಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ಒಂದೇ ಒಂದು ಆಲದ ಮರ ತೋರಿಸಿ, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಇರುವುದು ಜಾಲಿಯ ಗಿಡ, ಅದರಾಚೆ ತೂಬಿನ ಪಕ್ಕದಲ್ಲಿ ಒಂದು ವೀರಗಲ್ಲು. ಕಲ್ಲಿನಲ್ಲಿ ಒಬ್ಬ ಕತ್ತಿ ಹಿರಿದು ನಿಂತಿದ್ದಾನೆ. ನೋಡಲು ಬಂದವರು ಯಾವ ಯುದ್ಧದ ವೀರ ಎಂದು ಕೇಳುತ್ತಾರೆ. ಯುದ್ಧವೂ ಇಲ್ಲ, ಮಣ್ಣೂ ಇಲ್ಲ. ಆ ಮನುಷ್ಯ ಜನ್ಮದಲ್ಲಿ ಕತ್ತಿ ಮುಟ್ಟಿದವನಲ್ಲ. ಇದು ಅಳದೇರಿ, ಅಂದರೆ ಯಾರೂ ಅಳದ ಏರಿ. ಹೆಸರು ಕೇಳಿದರೆ ನಾಚಿಕೆಯಾಗುತ್ತದೆಂದೇ ಆಲದ ಮರ ನೆಟ್ಟುಬಿಟ್ಟರು, ಅದೂ ಹಲಗೆಯ ಮೇಲೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಕೆರೆಗೆ ಬೊಮ್ಮಯ್ಯನೆಂಬ ನೀರುಗಂಟಿ ಇದ್ದನು. ತೂಬು ತೆಗೆದು ಗದ್ದೆಗದ್ದೆಗೂ ಸಮನಾಗಿ ನೀರು ಬಿಡುವುದು ಅವನ ಕೆಲಸ. ಊರಿನ ಗೌಡ ಚಿಕ್ಕೀರಪ್ಪನಿಗೆ ಎರಡನೆಯ ಬೆಳೆಯ ಆಸೆ. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿಗೆ ಕಲ್ಲು ಮಣ್ಣು ಜಡಿಸಿ ನೀರು ಕಟ್ಟಿಹಾಕಿದನು. ಹೀಗೆ ಮಾಡಿದರೆ ಏರಿ ಒಡೆಯುತ್ತದೆಂದು ಬೊಮ್ಮಯ್ಯ ಮೂರು ಸಲ ಹೇಳಿದನಂತೆ. ದೊಡ್ಡವರ ಕಿವಿಗೆ ಚಿಕ್ಕವರ ಮಾತು ಹೊಕ್ಕಿದ್ದುಂಟೇ? ಆ ವರ್ಷ ಚಿತ್ತೆ ಮಳೆ ಹುಚ್ಚೆದ್ದು ಸುರಿಯಿತು, ನೀರು ಏರಿಯ ತಲೆಗೆ ಬಂತು. ಆಗಲೂ ಕೋಡಿ ಬಿಚ್ಚಲು ಗೌಡ ಒಪ್ಪಲಿಲ್ಲ. ಮುಳುಗಿ ತೂಬು ತೆಗೆ ಎಂದು ಬೊಮ್ಮಯ್ಯನನ್ನು ನೀರಿಗಿಳಿಸಿದನು. ತೂಬು ತೆರೆಯಿತು, ಏರಿ ಉಳಿಯಿತು, ಊರೂ ಉಳಿಯಿತು. ಬೊಮ್ಮಯ್ಯನ ಹೆಣ ಮಾರನೆಯ ದಿನ ತೂಬಿನ ಬಾಯಲ್ಲಿ ಸಿಕ್ಕಿತು.

ಸತ್ತವರಿಗಾಗಿ ನಮ್ಮಲ್ಲಿ ಮೂರು ಸಲ ಜನ ಸೇರುತ್ತಾರೆ. ಮೊದಲ ದಿನ ಹೆಣದ ಮುಂದೆ ಅಳುವುದಕ್ಕೆ, ಮೂರನೆಯ ದಿನ ಹೂತ ಗುದ್ದಿನ ಮೇಲೆ ಹಾಲುತುಪ್ಪ ಬಿಡುವುದಕ್ಕೆ, ಹನ್ನೊಂದನೆಯ ದಿನ ತಿಥಿಯ ಊಟಕ್ಕೆ. ಮೂರೂ ಒಂದೇ ಎಂದು ತಿಳಿದವರು ದಡ್ಡರು. ಹಾಲುತುಪ್ಪ ಸತ್ತವನಿಗೆ, ಊಟ ಬದುಕಿದವರಿಗೆ, ಅಳು ಸತ್ಯಕ್ಕೆ. ಹೆಣದ ಮುಂದೆ ಹಾಡಿ ಅಳುವ ಹೆಂಗಸರು ಸತ್ತವನನ್ನು ಹೆಸರು ಹಿಡಿದು ಕರೆದು, ಅವನು ಹೇಗೆ ಸತ್ತ, ಯಾರಿಂದ ಸತ್ತ ಎಂದು ಹೇಳಲೇಬೇಕು. ಆ ಅಳುವಿಗೆ ಗೌಡನೂ ತಲೆ ತಗ್ಗಿಸಬೇಕಾಗಿತ್ತು ಎನ್ನುತ್ತಾರೆ. ಚಿಕ್ಕೀರಪ್ಪನಿಗೆ ಇದು ಗೊತ್ತಿಲ್ಲದೆ ಇಲ್ಲ. ಬೊಮ್ಮಯ್ಯನದು ವೀರಮರಣ, ವೀರರಿಗೆ ಅಳುವುದು ಅಪಶಕುನ ಎಂದು ಊರಿಗೆಲ್ಲ ಡಂಗುರ ಹೊಡೆಸಿದನು. ಅಳುವುದಕ್ಕೆ ಬಂದ ಹೆಂಗಸರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಹೆಣಕ್ಕೆ ಹೂವೇನು, ತಮಟೆಯೇನು, ಕಹಳೆಯೇನು! ತೂಬು ತೆಗೆದ ಕೈಗೆ ಕಲ್ಲಿನಲ್ಲಿ ಕತ್ತಿ ಕೊಟ್ಟು ನಿಲ್ಲಿಸಿದರು. ಬೊಮ್ಮಯ್ಯನ ಹೆಂಡತಿ ಸೂರಮ್ಮ ಮನೆಮನೆಗೆ ಹೋಗಿ, ನನ್ನ ಗಂಡ ಹೇಗೆ ಸತ್ತನೆಂದು ಒಂದು ಸಲ ಬಾಯಿಬಿಟ್ಟು ಹೇಳಿರೆಂದು ಸೆರಗೊಡ್ಡಿ ಬೇಡಿದಳು. ಎಲ್ಲರೂ ಒಳಗೊಳಗೇ ಮರುಗಿದರಂತೆ. ಒಳಗೊಳಗೇ ಮರುಗುವವರಿಗೆ ನಮ್ಮೂರಿನಲ್ಲಿ ಎಂದೂ ಬರವಿಲ್ಲ.

ಹನ್ನೊಂದನೆಯ ದಿನ ಗೌಡ ಏರಿಯ ಮೇಲೆಯೇ ಊರಿಗೆಲ್ಲ ಊಟ ಹಾಕಿಸಿದನು. ಪಾಯಸ, ವಡೆ, ತುಪ್ಪ. ಅಳು ನಡೆಯುತ್ತಿರುವಾಗ ಯಾರೂ ತುತ್ತೆತ್ತಬಾರದೆಂಬುದು ಹಿರಿಯರ ಕಟ್ಟಳೆ. ಸೂರಮ್ಮ ಅದನ್ನೇ ನಂಬಿ ಬಂದಳು. ಎಲೆ ಬಡಿಸಿದ ಮೇಲೆ ಪಂಕ್ತಿಯ ನಡುವೆ ನಿಂತು, “ನನ್ನ ಗಂಡ ಹೆಂಗೆ ಸತ್ತ ಅಂತ ಒಬ್ಬರು ಹೇಳ್ರಪ್ಪಾ, ಆಮೇಲೆ ಉಣ್ರಿ” ಎಂದಳು. ಯಾರೂ ತಲೆಯೆತ್ತಲಿಲ್ಲ. ಆಗ ಅವಳೇ ಗಂಡನ ಹೆಸರು ಹಿಡಿದು ಅಳತೊಡಗಿದಳು. ಕೋಡಿ ಕಟ್ಟಿದ್ದು, ಮೂರು ಸಲ ಬೇಡವೆಂದಿದ್ದು, ನೀರಿಗಿಳಿಸಿದ್ದು, ಎಲ್ಲವನ್ನೂ ಹೇಳಿ ಅತ್ತಳು. ಒಬ್ಬಳಾದರೂ ದನಿ ಕೂಡಿಸಿದ್ದರೆ ಸಾಕಾಗಿತ್ತು. ಗೌಡ, “ಪಾಯಸ ಆರ್ತದೆ, ಉಣ್ರಿ” ಎಂದನು. ಉಂಡರು! ಅವಳ ಗಂಡ ಉಳಿಸಿದ ಏರಿಯ ಮೇಲೆ ಕೂತು, ಅವಳು ಅಳುತ್ತಿದ್ದಂತೆಯೇ, ಸುರಿಸುರಿದು ಉಂಡರು. ಸೂರಮ್ಮ ಕಣ್ಣೊರೆಸಿಕೊಂಡು, “ಈ ಅಳದ ಏರಿ ನೀರು ಇನ್ನು ನನಗೆ ಬೇಡ” ಎಂದು ಉಟ್ಟ ಸೀರೆಯಲ್ಲೇ ಊರು ಬಿಟ್ಟಳು. ಎಲ್ಲಿಗೆ ಹೋದಳೋ ಯಾರೂ ಹುಡುಕಲಿಲ್ಲ. ಹೆಸರು ಮಾತ್ರ ಉಳಿಯಿತು.

ಆ ಪಾಪ ಕಳೆಯಲೆಂದು ಮುಂದಿನವರು ಒಂದು ನೇಮ ಮಾಡಿದರು. ಇಂದಿಗೂ ಇಲ್ಲಿಗೆ ಬಂದವರು ಅದನ್ನು ನೋಡಬಹುದು. ನಮ್ಮೂರ ತಿಥಿಯಲ್ಲಿ ಎಲೆ ಬಡಿಸಿದ ಮೇಲೆ ಎಲ್ಲರೂ ಕೈಕಟ್ಟಿ ಕೂರುತ್ತಾರೆ. ಸತ್ತವರು ಹೇಗೆ ಸತ್ತರೆಂದು ಒಬ್ಬ ಹಿರಿಯ ಎದ್ದು ಹೇಳಿದ ಮೇಲೆಯೇ ತುತ್ತು. ಬಂದವರು ಎಂಥ ಒಳ್ಳೆಯ ಪದ್ಧತಿ ಎನ್ನುತ್ತಾರೆ. ಹೋದ ವರ್ಷ ನಮ್ಮ ಲೈನ್‌ಮನ್ ಪಾತಲಿಂಗ ಕಂಬದ ಮೇಲೆಯೇ ಕರೆಂಟು ಹೊಡೆದು ಸತ್ತ. ಕರೆಂಟು ತೆಗೆದಿದೆ, ಹತ್ತು ಎಂದು ಹತ್ತಿಸಿದವನು ಯಾರೆಂದು ತಿಥಿಗೆ ಕೂತ ಇಡೀ ಪಂಕ್ತಿಗೆ ಗೊತ್ತಿತ್ತು. ಪಾತಲಿಂಗನ ಹೆಂಡತಿ ಚಪ್ಪರದ ಕಂಬಕ್ಕೊರಗಿ ನಿಂತು ಹಿರಿಯನ ಬಾಯನ್ನೇ ನೋಡುತ್ತಿದ್ದಳು. ಹಿರಿಯ ಎದ್ದು, “ಅವನ ಕಾಲ ಬಂದಿತ್ತು, ಹೋದ” ಎಂದು ಹೇಳಿ ಕೂತ. ಎಲ್ಲರೂ ಎಲೆಗೆ ಕೈಹಾಕಿದರು. ಎದ್ದು ಹಾಗೆ ಹೇಳಿದವನು ನಾನೇ.