ಮಗ್ಗದ ಕುಣಿಗೆ ಇಳಿದ ನಾಗರ

ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಮುಕ್ಕಣ್ಣನ ಕೈಗೆ ಸಮನಾದ ಕೈ ಇನ್ನೊಂದಿರಲಿಲ್ಲ. ಉಳಿದವರು ಒಂದು ಕುಪ್ಪಸದ ಖಣ ನೇಯುವುದರೊಳಗೆ ಅವನದು ಎರಡಾಗಿರುತ್ತಿತ್ತು. ಆದರೆ ಆ ಕೈಗೆ ಒಂದು ಕೆಟ್ಟ ಚಾಳಿ. ತಲೆ ಯೋಚಿಸುವ ಮೊದಲೇ ಅದು ಎದ್ದುಬಿಡುತ್ತಿತ್ತು. ನಾಯಿ ಬೊಗಳಿದರೆ ಕಲ್ಲು, ಇಲಿ ಕಂಡರೆ ಚಪ್ಪಲಿ, ಹಾವು ಕಂಡರಂತೂ ಬಡಿಗೆ. ಯಾರ ಮನೆಯಲ್ಲಿ ಹಾವು ಹೊರಟರೂ "ಮುಕ್ಕಣ್ಣನ್ನ ಕರೀರಿ" ಎನ್ನುವುದು ಓಣಿಯವರಿಗೆ ರೂಢಿಯಾಗಿತ್ತು.

ಹೆಂಡತಿ ಕಾಶವ್ವನಿಗೆ ಇದು ಸೇರುತ್ತಿರಲಿಲ್ಲ. ಆಕೆಯ ತವರು ಗುಡ್ಡದ ಬುಡದ ಒಂದು ಹಳ್ಳಿ. ಅಪ್ಪ ಆಡು ಕಾಯುವವನು. ಬಂಡೆ ಸಂದಿಯ ನಾಗರಗಳನ್ನು ದೂರದಿಂದ ನೋಡುತ್ತಲೇ ಬೆಳೆದವಳು ಅವಳು.

"ಅದರ ದಾರಿ ಅದಕ್ಕ ಬಿಟ್ರ ಅದು ಯಾರ ತಂಟೆಗೂ ಬರೂದಿಲ್ರಿ," ಎಂದರೆ ಮುಕ್ಕಣ್ಣ ನಗುತ್ತಿದ್ದ. "ನೋಡ್ರಪಾ, ನಮ್ಮಾಕಿ ಹಾವಿನ ವಕೀಲಕಿ!"

ಒಂದು ದಿನ ಮಧ್ಯಾಹ್ನ ಅವನು ಮಗ್ಗದಲ್ಲಿ ಕೂತಿದ್ದ. ಅವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ಮೇಲೆ ಲಾಳಿ ಓಡಿಸಬೇಕು. ನೂಲಿಗೆ ಬಳಿದ ಗಂಜಿಯ ಆಸೆಗೆ ಮನೆ ತುಂಬ ಇಲಿ. ಅವತ್ತೂ ಒಂದು ಇಲಿ ಪ್ರಾಣಭಯದಿಂದ ಓಡಿಬಂದು ಕುಣಿಯೊಳಗೆ ಧುಮುಕಿ, ಗೋಡೆಯ ತೂತು ಸೇರಿಕೊಂಡಿತು. ಅದು ಯಾರಿಗೆ ಹೆದರಿ ಓಡಿತು ಎಂದು ಮುಕ್ಕಣ್ಣ ಯೋಚಿಸಲಿಲ್ಲ.

ಎದುರಿಗೆ ನೂಲು ಸುತ್ತುತ್ತಿದ್ದ ಕಾಶವ್ವ ಮಾತ್ರ ಕಂಡಳು. ಇಲಿಯ ಬೆನ್ನಿಗೇ ಒಂದು ನಾಗರಹಾವು ಕುಣಿಗೆ ಇಳಿಯುತ್ತಿತ್ತು.

"ರೀ, ಕಾಲು ನಿಲ್ಲಸ್ರಿ. ಒಂಚೂರೂ ಅಳ್ಳಾಡಸಬ್ಯಾಡ್ರಿ."

ಆಕೆಯ ದನಿಯಲ್ಲಿ ಏನೋ ಇತ್ತು. ಮುಕ್ಕಣ್ಣನ ಕಾಲು ನಿಂತಿತು. ಅಷ್ಟರಲ್ಲಿ ಅವನ ಪಾದದ ಮೇಲೆ ತಣ್ಣನೆಯದು, ಭಾರವಾದದ್ದು ಹರಿಯಿತು. ಬಗ್ಗಿ ನೋಡಿದ. ನಾಗರ!

ಅಡುಗೆಮನೆಯಿಂದ ಬಂದ ತಾಯಿ ಬಸಲಿಂಗವ್ವನಿಗೂ ಅದು ಕಂಡಿತು. "ಅಯ್ಯೋ ನನ್ನ ಮಗನ!" ಎಂದವಳೇ ಒನಕೆ ಎತ್ತಿಕೊಂಡು ಧಡಧಡ ನುಗ್ಗಿದಳು. ನೆಲ ನಡುಗಿತು. ನಾಗರ ಸರ್ರನೆ ಮೇಲೆದ್ದು, ಮುಕ್ಕಣ್ಣನ ಎರಡು ಮೊಣಕಾಲುಗಳ ನಡುವೆ ಹೆಡೆ ಬಿಚ್ಚಿ ಬುಸುಗುಟ್ಟಿತು.

ಕಾಶವ್ವ ಅತ್ತೆಯ ಕೈ ಗಟ್ಟಿಯಾಗಿ ಹಿಡಿದಳು. "ಬ್ಯಾಡ್ರಿ ಅತ್ತಿ! ಅದು ಕಡೀಲಿಕ್ಕೆ ಹೆಡಿ ಎತ್ತಿಲ್ಲ. ಅಂಜಿ ಎತ್ತೈತಿ. ಹತ್ತರ ಬರಬ್ಯಾಡ ಅಂತ ಹೇಳಾಕತ್ತೈತಿ, ಅಷ್ಟ."

"ಮತ್ತ ಯಾಕ ಹೋಗವಲ್ದು?" ಎಂದಳು ಬಸಲಿಂಗವ್ವ.

"ಅದಕ್ಕ ನಮ್ಮಂಗ ಹೊರಗ ಕಿವಿ ಇಲ್ರಿ. ನೆಲ ನಡುಗಿದ್ದು ಮೈಗೇ ಗೊತ್ತಾಗ್ತೈತಿ. ನೀವು ಓಡಿ ಬಂದ್ರಿ. ಸುತ್ತೂ ಕಡೆ ಮಗ್ಗ ಬಡ್ಯಾಕತ್ತಾವು. ಎತ್ತಾಗಿಂದ ಯಾರು ಹೊಡೀತಾರೋ ಅಂತ ಅದಕ್ಕ ಜೀವಭಯ."

ಮುಕ್ಕಣ್ಣನ ಬಲಗೈಯಲ್ಲಿ ಮರದ ಲಾಳಿ ಇತ್ತು. ಹೆಡೆ ಒಂದು ಗೇಣು ದೂರ. ಇಂಥ ಎಷ್ಟು ತಲೆ ಜಜ್ಜಿಲ್ಲ ನಾನು, ಒಂದೇ ಏಟು ಸಾಕು ಎಂದಿತು ಕೈ. ತಪ್ಪಿದರೆ? ತೊಡೆ ಅಲ್ಲೇ ಇದೆ. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳುವಂತಿಲ್ಲ. ಹೊಡೆಯುವುದಕ್ಕೆ ಬೇಕಾದ ಬಲಕ್ಕಿಂತ, ಹೊಡೆಯದೆ ಇರುವುದಕ್ಕೆ ಹೆಚ್ಚು ಬಲ ಬೇಕೆಂದು ಅವನಿಗೆ ಅಂದು ತಿಳಿಯಿತು. ಹಲ್ಲು ಕಚ್ಚಿ ಕಲ್ಲಿನಂತೆ ಕೂತ.

ಬಸಲಿಂಗವ್ವ ಸೊಸೆಯ ಮುಖ ನೋಡಿದಳು, ಮಗನ ಮುಖ ನೋಡಿದಳು. ಒನಕೆಯನ್ನು ಸದ್ದಿಲ್ಲದೆ ಮೂಲೆಗೆ ಒರಗಿಸಿ, ತುದಿಗಾಲಲ್ಲಿ ಬೀದಿಗೆ ಹೋದಳು. ಅವಳ ಕೂಗು ಕೇಳಿ ಬಡಿಗೆ ಹಿಡಿದು ಓಡಿಬರುತ್ತಿದ್ದವರಿಗೆ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಯಾರೂ ಒಳಗ ಬರಬ್ಯಾಡ್ರಿ. ಮಗ್ಗ ನಿಲ್ಲಸ್ರಿ. ಎಲ್ಲಾರೂ ನಿಲ್ಲಸ್ರಿ. ಓಣಿ ತುದಿಗೆ ಒಂದು ಆಟೋ ತಂದು ಇಡ್ರಿ. ಕಡೀತಂದ್ರ ಮಂತ್ರ ಗಿಂತ್ರ ಏನಿಲ್ಲ, ನೆಟ್ಟಗ ದವಾಖಾನಿಗೆ."

ಮಾತು ಮನೆಯಿಂದ ಮನೆಗೆ ಹೋಯಿತು. ಪಕ್ಕದ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ಎದುರು ಸಾಲಿನವು ಒಂದೊಂದಾಗಿ ನಿಂತವು. ಹಗಲುಹೊತ್ತು ಎಂದೂ ಬಾಯಿ ಮುಚ್ಚದ ಓಣಿ ಅಂದು ಉಸಿರು ಬಿಗಿಹಿಡಿದು ಸುಮ್ಮನಾಯಿತು.

ಒಳಗೆ ಕಾಶವ್ವ ನಿಧಾನವಾಗಿ ಹಿತ್ತಿಲ ಬಾಗಿಲು ತೆರೆದು ಗೋಡೆಗೆ ಸರಿದು ನಿಂತಳು.

ನಾಗರದ ಹೆಡೆ ಇನ್ನೂ ಅತ್ತಿತ್ತ ಆಡುತ್ತಿತ್ತು. ಆಮೇಲೆ ಆಡುವುದು ನಿಧಾನವಾಯಿತು. ಹೆಡೆ ಕಿರಿದಾಯಿತು, ತಲೆ ತಗ್ಗಿತು. ನಾಲಿಗೆ ಚಾಚಿ ಚಾಚಿ ಗಾಳಿಯ ವಾಸನೆ ಹಿಡಿಯಿತು. ಮುಕ್ಕಣ್ಣನ ಪಾದವನ್ನು ಇನ್ನೊಮ್ಮೆ ದಾಟಿ, ಕುಣಿಯ ಅಂಚು ಹತ್ತಿ, ಬೆಳಕಿನತ್ತ ಹರಿದು, ಹಿತ್ತಿಲ ಕಲ್ಲುಗಳಲ್ಲಿ ಇಳಿದು ಗುಡ್ಡದ ಕಡೆ ಹೋಯಿತು.

"ಹೋತು!" ಎಂದಳು ಕಾಶವ್ವ.

ಓಣಿಗೆ ಓಣಿಯೇ ಹೋ ಎಂದಿತು. ಒಬ್ಬ ಹುಮ್ಮಸ್ಸಿನವನು ಬಡಿಗೆ ಹಿಡಿದು ಹಿತ್ತಿಲಿಗೆ ಓಡಿದ. ಮುಕ್ಕಣ್ಣ ಕುಣಿಯಿಂದ ಎದ್ದು, ಹಿಂದೆಯೇ ಹೋಗಿ ಅವನ ರಟ್ಟೆ ಹಿಡಿದ.

"ಕೈ ಇಳಸೋ. ನನ್ನ ಜೀವ ಅದರ ಹಲ್ಲಿನಾಗಿತ್ತು. ಅದು ಬಿಟ್ಟು ಹೋಗೈತಿ. ಇನ್ನ ಅದರ ಜೀವ ನಮ್ಮ ಕೈಯಾಗೈತಿ. ನಾವು ಅದಕ್ಕಿಂತ ಸಣ್ಣವರಾಗೂದು ಬ್ಯಾಡ."

ಬಡಿಗೆ ಕೆಳಗಿಳಿಯಿತು. ಬಸಲಿಂಗವ್ವ ಸೊಸೆಯ ಎರಡೂ ಕೆನ್ನೆಗೆ ಕೈಯಾಡಿಸಿ ಲಟಕ್ಕನೆ ನೆಟಿಕೆ ಮುರಿದಳು. "ನನ್ನ ಮಗನ್ನ ಎರಡನೇ ಸಲ ಹಡದಾಕಿ ನೀನವ್ವ!" ಎಂದಳು.

ಮರುದಿನ ಮುಕ್ಕಣ್ಣ ಮಾಡಿದ ಮೊದಲ ಕೆಲಸ, ಕುಣಿಯ ಗೋಡೆಯ ಇಲಿತೂತುಗಳನ್ನೆಲ್ಲ ಮಣ್ಣು ಕಲ್ಲು ಹಾಕಿ ಮುಚ್ಚಿದ್ದು. ಇಲಿ ಇದ್ದಲ್ಲಿ ಹಾವು ಬರುವುದು ಸಹಜ. ಹಾವನ್ನು ಬೈದು ಫಲವಿಲ್ಲ. ಅಂದಿನಿಂದ ಹಾವು ಹೊರಟಿತೆಂದರೆ ಓಣಿಯ ಜನ ಕಾಶವ್ವನನ್ನು ಕರೆಯುತ್ತಿದ್ದರು. ಬಡಿಗೆ ಹಿಡಿದವರನ್ನು ದೂರ ನಿಲ್ಲಿಸಲು ಆಕೆಗಿಂತ ಮುಂದೆ ಮುಕ್ಕಣ್ಣನೇ ಹೋಗುತ್ತಿದ್ದ, ಎದೆಯುಬ್ಬಿಸಿಕೊಂಡು.

ನೀತಿ: ಎದುರಿಗೆ ಹೆಡೆ ಎತ್ತಿದವನೂ ಹಲವು ಸಲ ಹೆದರಿದವನೇ ಆಗಿರುತ್ತಾನೆ. ಅವನ ಹೆದರಿಕೆಗೆ ನಮ್ಮ ಹೆದರಿಕೆ ಕೂಡಿದರೆ ಸಾವು. ಒಬ್ಬರಾದರೂ ತಾಳಿಕೊಂಡರೆ ಇಬ್ಬರಿಗೂ ಬದುಕು. ಎತ್ತಿದ ಕೈಯನ್ನು ತಡೆದು ನಿಲ್ಲಿಸಬಲ್ಲವನೇ ನಿಜವಾದ ಗಟ್ಟಿಗ.