ಸೊಟ್ಟ ಕಣ್ಣೂ ಚಿನ್ನದ ಕನ್ನಡಕವೂ

ಕಸೂತಿ ಹಾಕುವ ನೀಲಾಂಬಿಕೆಯ ಕಣ್ಣಿನ ಕಾರ್ನಿಯಾ ಮೊನಚಾಗಿ ಉಬ್ಬಿಕೊಂಡು, ಕನ್ನಡಕ ಹಾಕಿದರೂ ಒಂದು ಎಳೆ ನಾಲ್ಕಾಗಿ ಕಾಣುತ್ತಿತ್ತು. ಎಳೆ ಎಣಿಸದೆ ಕಸೂತಿ ಇಲ್ಲ. ಎರಡು ವರ್ಷದಿಂದ ಅವಳು ಸೂಜಿ ಮುಟ್ಟಿರಲಿಲ್ಲ. ಅವಳ ಚಿನ್ನದ ಬಣ್ಣದ ಕನ್ನಡಕಕ್ಕೆ ಮಾತ್ರ ಕಿಂಚಿತ್ತೂ ನಾಚಿಕೆಯಿರಲಿಲ್ಲ. "ನನ್ನದೇನು ತಪ್ಪು? ಈ ಕಣ್ಣೇ ಸೊಟ್ಟ" ಎಂದು ಮೇಜಿನ ಮೇಲೆ ಕೂತು ಸಾರುತ್ತಿತ್ತು.

ಒಂದು ಬೆಳಿಗ್ಗೆ, ವೈದ್ಯರು ಕೊಟ್ಟ, ಕಣ್ಣಿನ ಮೇಲೇ ಇಟ್ಟುಕೊಳ್ಳುವ ಬಟ್ಟಲಿನಂಥ ಸ್ಕ್ಲೀರಲ್ ಲೆನ್ಸ್ ಪುಟ್ಟ ಡಬ್ಬಿಯಲ್ಲಿ ಅದರ ಪಕ್ಕಕ್ಕೆ ಬಂತು.

ಕನ್ನಡಕ ಮೂಗು ಮುರಿಯಿತು. "ಹೊಟ್ಟೆ ತುಂಬ ನೀರು ಕುಡಿಯದೆ ತಾವು ಕೆಲಸಕ್ಕೇ ಇಳಿಯುವುದಿಲ್ಲವಂತೆ!"

"ಹೌದು. ನೊಂದ ಜಾಗಕ್ಕೆ ನಾನು ತಾಗುವುದಿಲ್ಲ. ಸುತ್ತಲಿನ ಬಿಳಿಯ ಮೇಲೆ ಕೂತು, ನಡುವೆ ಆ ನೀರನ್ನು ಹಿಡಿದಿರುತ್ತೇನೆ," ಎಂದಿತು ಲೆನ್ಸ್.

"ಸೊಟ್ಟ ಕಣ್ಣಿಗೆ ಇಷ್ಟು ಉಪಚಾರವೇ? ಅದು ಮೊದಲು ನೆಟ್ಟಗಾಗಲಿ."

"ನೆಟ್ಟಗಿದ್ದರೆ ನಮ್ಮಿಬ್ಬರಿಗೂ ಇಲ್ಲೇನು ಕೆಲಸ, ಸ್ವಾಮಿ?"

ಅಷ್ಟರಲ್ಲಿ ನೀಲಾಂಬಿಕೆ ಲೆನ್ಸಿಗೆ ಸಲೈನ್ ನೀರು ತುಂಬಿ, ತಲೆ ಬಾಗಿಸಿ ಕಣ್ಣಿಗೆ ಇಟ್ಟುಕೊಂಡಳು. ಬಟ್ಟೆಯ ಎಳೆಗಳು ಒಂದೊಂದಾಗಿ ಬಿಡಿಸಿ ಕಂಡವು. ಸೂಜಿಗೆ ದಾರ ಪೋಣಿಸಿಕೊಂಡು, ಬಟ್ಟೆ ಹಿಡಿದು ಜಗಲಿಗೆ ಹೊರಟಳು.

"ನೋಡಿ, ನನ್ನ ಬೈಗುಳಕ್ಕೆ ಹೆದರಿ ಕಣ್ಣು ಕೊನೆಗೂ ನೆಟ್ಟಗಾಯಿತು!" ಎಂದು ಕನ್ನಡಕ ಬೀಗಿತು.

ಕೇಳುವುದಕ್ಕೆ ಮೇಜಿನ ಮೇಲೆ ಯಾರೂ ಇರಲಿಲ್ಲ.