ನೀರುಗಂಟಿಯ ಗದ್ದೆ

"ಗುರುಗಳೇ, ಹೃದಯ ಎಲ್ಲರಿಗಿಂತ ಮೊದಲು ತಾನೇ ಉಣ್ಣುವುದೇಕೆ?"

ಕೇಳಿದವನು ಗವಿರಂಗ. ಬೆಟ್ಟದ ತಪ್ಪಲಿನ ಆ ವೈದ್ಯಶಾಲೆಯಲ್ಲಿ ಅವನು ಗುರುಗಳ ಬಳಿ ವೈದ್ಯ ಕಲಿಯುತ್ತಿದ್ದ. ಹಿರಿಯರ ಹಬ್ಬಕ್ಕೆಂದು ಊರಿಗೆ ಹೋದವನು ಅಂದು ಬೆಳಿಗ್ಗೆ ತಾನೇ ಹಿಂದಿರುಗಿದ್ದ. ಅವನ ತಾಯಿ ತೀರಿಕೊಂಡ ಮೇಲೆ ಬಂದ ಮೊದಲ ಹಬ್ಬ ಅದು. ತಾಯಿಗೆ ಎಡೆ ಇಟ್ಟ ಕಜ್ಜಾಯವನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬಂದು ಗುರುಗಳ ಮುಂದೆ ಇಟ್ಟಿದ್ದ.

ಅಂದಿನ ಪಾಠ ಹೃದಯದ್ದು. ಗುರುಗಳು ಜೇಡಿಮಣ್ಣಿನಲ್ಲಿ ಮಾಡಿದ ಹೃದಯವೊಂದನ್ನು ಎರಡು ಹೋಳಾಗಿ ಬಿಡಿಸಿ ತೋರಿಸಿದ್ದರು. ಅದರಲ್ಲಿ ನಾಲ್ಕು ಕೋಣೆಗಳು. ಮೇಲಿನವು ರಕ್ತವನ್ನು ಬರಮಾಡಿಕೊಳ್ಳುತ್ತವೆ, ಕೆಳಗಿನವು ಹೊರಗೆ ತಳ್ಳುತ್ತವೆ. ಮೈಯೆಲ್ಲ ಸುತ್ತಿ ಬಳಲಿದ ರಕ್ತ ಬಲಗಡೆಗೆ ಬರುತ್ತದೆ. ಬಲಗಡೆ ಅದನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಉಸಿರನ್ನು ತುಂಬಿಕೊಂಡ ರಕ್ತ ಎಡಗಡೆಗೆ ಬರುತ್ತದೆ. ಎಡಗಡೆ ಅದನ್ನು ನೆತ್ತಿಯಿಂದ ಹೆಬ್ಬೆರಳಿನವರೆಗೆ ಹಂಚುತ್ತದೆ. ಕೋಣೆಯ ಬಾಗಿಲುಗಳು ಒಂದೇ ದಿಕ್ಕಿಗೆ ತೆರೆಯುವಂಥವು, ಹೋದ ರಕ್ತವನ್ನು ಹಿಂದಕ್ಕೆ ಬಿಡುವುದಿಲ್ಲ. ಇಷ್ಟೂ ಗವಿರಂಗನ ತಲೆಗೆ ಸಲೀಸಾಗಿ ಹೋಯಿತು.

ಆಮೇಲಿನ ಮಾತು ಮಾತ್ರ ಅವನಿಗೆ ಹಿಡಿಸಲಿಲ್ಲ. ದೊಡ್ಡ ರಕ್ತನಾಳ ಹೃದಯದಿಂದ ಹೊರಟ ಬುಡದಲ್ಲೇ ಎರಡು ಸಣ್ಣ ಕವಲುಗಳು ಒಡೆಯುತ್ತವೆ. ಅವು ಮಿದುಳಿಗೂ ಹೋಗುವುದಿಲ್ಲ, ಕೈಕಾಲಿಗೂ ಹೋಗುವುದಿಲ್ಲ. ತಿರುಗಿ ಹೃದಯದ ಮೈಗೇ ಇಳಿಯುತ್ತವೆ. ಕೋಣೆಗಳ ತುಂಬ ರಕ್ತವಿದ್ದರೂ ಹೃದಯದ ಹೊಟ್ಟೆ ತುಂಬುವುದು ಅದರಿಂದಲ್ಲ, ಈ ಎರಡು ಕವಲುಗಳಿಂದ. ಅದೂ ಬಡಿಯುವ ಹೊತ್ತಿನಲ್ಲಲ್ಲ; ಒಂದು ಬಡಿತ ಮುಗಿದು ಇನ್ನೊಂದು ಬರುವ ಮುನ್ನ ಮೈ ಸಡಿಲಿಸಿದಾಗ.

"ಅಷ್ಟು ದುಡಿಯುವ ಹೃದಯ ಕೊನೆಗೆ ಉಂಡಿದ್ದರೆ ಎಷ್ಟು ದೊಡ್ಡದಾಗಿ ಕಾಣುತ್ತಿತ್ತು," ಎಂದ ಗವಿರಂಗ. "ನಮ್ಮವ್ವ ಹಾಗಿದ್ದಳು. ಮನೆಮಂದಿ, ಆಳುಕಾಳು, ಬಂದವರು, ಹೋದವರು ಎಲ್ಲ ಉಂಡೆದ್ದ ಮೇಲೆ ಅವಳ ಊಟ. ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ದಿನ ಮುಖ ಸಿಂಡರಿಸಿದವಳಲ್ಲ. ನಿನ್ನೆ ಹಬ್ಬದಲ್ಲಿ ಇದನ್ನೇ ಹೇಳಿದೆ, ನೆಂಟರೆಲ್ಲ ಕಣ್ಣೊರೆಸಿಕೊಂಡರು. ಅವ್ವನಿಗೆ ಇಷ್ಟ ಎಂದು ಅತ್ತಿಗೆ ಬೆಳಗಿನಿಂದ ಒಲೆ ಮುಂದೆ ಕೂತು ಕಜ್ಜಾಯ ಮಾಡಿದರು. ಮೊದಲ ಎಲೆ ಅವ್ವನಿಗೇ ಹಾಕಿದೆವು."

"ಏನಾಗಿತ್ತು ನಿಮ್ಮವ್ವನಿಗೆ?"

"ಇದೇ ಅಂತ ಇಲ್ಲ ಗುರುಗಳೇ. ನಡೆದರೆ ಏದುಸಿರು, ಕಾಲು ಊತ. ಮೈಯಲ್ಲಿ ರಕ್ತವೇ ಇಲ್ಲ ಎಂದರು. ತಲೆಕೂದಲು ಕೂಡ ನೆರೆತಿರಲಿಲ್ಲ."

ಗುರುಗಳು ಕಜ್ಜಾಯವನ್ನು ಮುಟ್ಟಲಿಲ್ಲ. ಮಣ್ಣಿನ ಹೃದಯದ ಹೋಳುಗಳನ್ನು ಜೋಡಿಸಿ ಪಕ್ಕಕ್ಕಿಟ್ಟರು. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಕೆರೆ, ಆ ಕೆರೆಗೆ ಒಬ್ಬ ನೀರುಗಂಟಿ. ನೀರಿಗಿಳಿದು ತೂಬಿನ ಮುಚ್ಚಳ ಎತ್ತಬೇಕು, ಊರಿನ ಗದ್ದೆಗಳಿಗೆಲ್ಲ ಸರದಿಯಂತೆ ನೀರು ಹಾಯಿಸಬೇಕು, ಮತ್ತೆ ನೀರಿಗಿಳಿದು ತೂಬು ಮುಚ್ಚಬೇಕು. ಇದು ಅವನ ಕೆಲಸ. ಅವನು ಒಂದು ದಿನ ಮಲಗಿದರೆ ಊರಿನ ಪೈರು ಬಾಡುತ್ತಿತ್ತು. ಅದು ಊರಿಗೆ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಯಾರೂ ಅದನ್ನು ನೆನೆಯುತ್ತಿರಲಿಲ್ಲ.

ತೂಬಿನ ಬಾಯಿಗೆ ಅಂಟಿಕೊಂಡಂತೆ ಅವನಿಗೊಂದು ತುಂಡು ಗದ್ದೆ. ತೂಬು ತೆರೆದಾಗ ಮೊದಲ ನೀರು ಆ ಗದ್ದೆಗೆ, ಆಮೇಲೆ ಊರಿಗೆ. ಕೆರೆ ಕಟ್ಟಿಸಿದವರು ಮಾಡಿಟ್ಟ ಕಟ್ಟಳೆ ಅದು. ಅದಕ್ಕೊಂದು ಕಾರಣವೂ ಇತ್ತು. ಗದ್ದೆ ಕಾಲುವೆಗಿಂತ ಗೇಣು ಎತ್ತರದಲ್ಲಿತ್ತು. ತೂಬು ತೆರೆದ ಹೊಸತರಲ್ಲಿ ಕಾಲುವೆ ದಡ ಮುಟ್ಟಿ ಹರಿಯುವಾಗ ಮಾತ್ರ ನೀರು ಅಲ್ಲಿಗೆ ಏರುತ್ತಿತ್ತು. ಕೆಳಗಿನ ಗದ್ದೆಗಳಿಗೆ ಬಿಟ್ಟ ಮೇಲೆ ಕಾಲುವೆ ತಗ್ಗುತ್ತಿತ್ತು, ಆಗ ಏನು ಮಾಡಿದರೂ ಏರುತ್ತಿರಲಿಲ್ಲ.

ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ನೀರುಗಂಟಿಯ ಗದ್ದೆ ತನ್ನ ಗದ್ದೆಗಿಂತ ಮೊದಲು ಹಸಿರಾಗುವುದು ಅವನ ಕಣ್ಣು ಕುಕ್ಕಿತು. ಅವನು ಜಗಳ ತೆಗೆಯಲಿಲ್ಲ. ಜಗಳಕ್ಕೆ ಉತ್ತರ ಕೊಡುವವರು ಇರುತ್ತಾರೆ, ಹೊಗಳಿಕೆಗೆ ಯಾರೂ ಉತ್ತರ ಕೊಡುವುದಿಲ್ಲ. ಒಂದು ದಿನ ಅರಳಿಕಟ್ಟೆಯಲ್ಲಿ ಹತ್ತು ಜನರ ಮುಂದೆ ನೀರುಗಂಟಿಯನ್ನು ಕರೆದು, "ಊರಿಗೆಲ್ಲ ನೀರು ಕೊಡೋ ಕೈ ಕಣಯ್ಯ ನಿಂದು. ಎಲ್ಲರಿಗೂ ಕೊಟ್ಟು ಕೊನೇಗೆ ನೀನು ತಗೊಂಡ್ರೆ ದೇವರಂಥ ಮನುಷ್ಯ ಅಂತಾರೆ," ಎಂದ. ಹತ್ತು ಜನವೂ ತಲೆದೂಗಿದರು.

ನೀರುಗಂಟಿ ಅಲ್ಲಿಯವರೆಗೆ ಊರವರ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿದವನಲ್ಲ. ನೀರು ತಡವಾದರೆ ಬೈಗುಳ, ಹೆಚ್ಚಾದರೂ ಬೈಗುಳ, ಅಷ್ಟೇ ಅವನ ಪಾಲಿಗೆ ಬಂದದ್ದು. ಬಡವ ಉಬ್ಬಿ ಹೋದ. ಮಾರನೆಯ ದಿನ ತನ್ನ ಗುದ್ದಲಿಯಿಂದ ತಾನೇ ಮಣ್ಣು ಎಳೆದು ತನ್ನ ಗದ್ದೆಯ ಬಾಯಿ ಮುಚ್ಚಿದ.

ಆ ವರ್ಷ ಅವನ ಗದ್ದೆ ಒಣಗಿತು. ಊರು ಅವನನ್ನು ಕೊಂಡಾಡಿತು. ತಾಯಂದಿರು ಮಕ್ಕಳಿಗೆ ಅವನನ್ನು ತೋರಿಸಿ, ಮನುಷ್ಯ ಅಂದರೆ ಹೀಗಿರಬೇಕು ಎಂದರು. ಅವನ ಮನೆಗೆ ಒಂದು ಮೊರ ಭತ್ತ ಕಳಿಸೋಣ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ದೇವರಂಥ ಮನುಷ್ಯನಿಗೂ ಹಸಿವಾಗುತ್ತದೆಂದು ಯಾರು ಎಣಿಸುತ್ತಾರೆ? ಮುಂದಿನ ವರ್ಷವೂ ಹಾಗೇ ಆಯಿತು. ಗಂಡ ಹೆಂಡತಿ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡರು. ಅವನ ತೋಳು ಕರಗಿತು, ಪಕ್ಕೆಲುಬು ಕಂಡಿತು. ಆದರೂ ಹೊತ್ತು ಹುಟ್ಟುವ ಮೊದಲೇ ತೂಬಿನ ಬಳಿ ಹೋಗಿ ನಿಲ್ಲುತ್ತಿದ್ದ.

ಹೆಂಡತಿಗೆ ತಡೆಯಲಾಗಲಿಲ್ಲ. "ಒಂದು ಗುದ್ದಲಿ ಮಣ್ಣು ತೆಗೆದ್ರೆ ನಮ್ಮ ಗದ್ದೆಗೆ ನೀರು. ನಿಮ್ಮ ಕೈಲಿ ಆಗದಿದ್ರೆ ನಾನು ತೆಗೀತೀನಿ," ಎಂದಳು.

"ಬೇಡ ಕಣೇ. ಊರೋರು ಏನಂದ್ಕೊಂಡಾರು?"

"ಅವರದೇನು, ಉಂಡು ಕೂತು ಅಂತಾರೆ. ನೀವು ಉಪವಾಸ ಕೂತು ಕೇಳ್ತೀರಿ."

ಅವನು ಕೇಳಲಿಲ್ಲ. ನೀರಿಗಿಂತ ಹೆಚ್ಚಾಗಿ ಆ ಒಳ್ಳೆಯ ಹೆಸರು ಅವನಿಗೆ ಬೇಕಾಗಿತ್ತು. ಅದನ್ನು ಬಿಟ್ಟರೆ ಅವನ ಬಳಿ ಬೇರೇನೂ ಉಳಿದಿರಲಿಲ್ಲ.

ಪೈರು ತೆನೆ ಕಟ್ಟುವ ಕಾಲ. ಊರಿನ ಗದ್ದೆಗಳಿಗೆಲ್ಲ ನೀರು ಹಾಯಿಸಿದ ಮೇಲೆ ನೀರುಗಂಟಿ ತೂಬು ಮುಚ್ಚಲು ಕೆರೆಗಿಳಿದ. ಮುಚ್ಚಳವನ್ನು ನೀರಿನ ರಭಸಕ್ಕೆ ಎದುರಾಗಿ ಒತ್ತಿ ಕೂರಿಸಬೇಕು. ಅಷ್ಟು ಕಸುವು ಅವನ ತೋಳಿನಲ್ಲಿ ಇರಲಿಲ್ಲ. ಇಳಿದವನು ಮೇಲೆ ಬರಲಿಲ್ಲ.

ತೂಬು ತೆರೆದೇ ಇತ್ತು. ಅದನ್ನು ಮುಚ್ಚುವ ಬಗೆ ಊರಿನಲ್ಲಿ ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಕೆರೆಯ ನೀರು ಗದ್ದೆಗಳನ್ನು ಮುಳುಗಿಸಿ, ಪೈರನ್ನು ಮಲಗಿಸಿ, ಹಳ್ಳ ಸೇರಿತು. ಕೆರೆ ಬರಿದಾದಾಗ ನೀರುಗಂಟಿ ತೂಬಿನ ಬುಡದಲ್ಲಿ ಸಿಕ್ಕಿದ. ಮುಚ್ಚಳವನ್ನು ತಬ್ಬಿಕೊಂಡೇ ಇದ್ದ. ಆ ವರ್ಷ ಸಾಹುಕಾರನ ಕಣಜಕ್ಕೂ ಒಂದು ಕಾಳು ಬರಲಿಲ್ಲ.

ಊರು ಅತ್ತಿತು. ಸುಳ್ಳು ಅಳುವಲ್ಲ, ನಿಜವಾಗಿಯೇ ಅತ್ತಿತು. ಅಂಥವನಿಗೆ ಏನಾದರೂ ಮಾಡಲೇಬೇಕು ಎಂದು ಅರಳಿಕಟ್ಟೆಯಲ್ಲಿ ಸೇರಿ ತೀರ್ಮಾನಿಸಿದರು. ಅವನ ಗದ್ದೆಯ ನಡುವೆ ಅವನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಿದರು. ಅವನು ಮುಚ್ಚಿದ್ದ ಮಣ್ಣನ್ನು ಸಾಹುಕಾರನೇ ಮುಂದೆ ನಿಂತು ತೆಗೆಸಿದ. ಮರುವರ್ಷ ಕೆರೆ ತುಂಬಿ ತೂಬು ತೆರೆದಾಗ ಮೊದಲ ನೀರನ್ನು ಆ ಕಲ್ಲಿಗೆ ಬಿಟ್ಟು ತೆಂಗಿನಕಾಯಿ ಒಡೆದರು. ಅವನ ಹೆಂಡತಿ ಅದನ್ನು ನೋಡಲು ಬರಲಿಲ್ಲ. ಅವಳು ಊರು ಬಿಟ್ಟು ಹೋಗಿದ್ದುದು ಅವರಿಗೆ ತಿಳಿದದ್ದೇ ಆ ದಿನ. ಯಾರೂ ಉಳದ ಆ ಗದ್ದೆಗೆ ಈಗಲೂ ಪ್ರತಿ ವರ್ಷ ಮೊದಲ ನೀರು ಹೋಗುತ್ತದೆ. ಕಲ್ಲಿನ ಸುತ್ತ ಹುಲ್ಲು ಸೊಂಪಾಗಿ ಬೆಳೆಯುತ್ತದೆ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಹೃದಯದ ಬುಡದ ಆ ಎರಡು ಕವಲುಗಳು ಏಕಿವೆ ಎಂಬುದು ಈಗ ಗವಿರಂಗನಿಗೆ ಅರ್ಥವಾಗಿತ್ತು. ನೀರುಗಂಟಿಯ ಸಾವು ಅವನನ್ನು ಕಲಕಿತ್ತು, ಆ ಊರಿನ ಮೇಲೆ ಸಿಟ್ಟೂ ಬಂದಿತ್ತು.

"ಆಮೇಲೆ ಬಂದ ನೀರುಗಂಟಿಗಾದರೂ ಮೊದಲ ನೀರು ಕೊಟ್ಟರೇ, ಗುರುಗಳೇ?"

"ಮೊದಲ ನೀರು ಕಲ್ಲಿಗೆ ಹೋಯಿತಲ್ಲ, ಅವನಿಗೆಲ್ಲಿಂದ ಬರಬೇಕು? ಕಾಲುವೆಯ ಕೊನೆಯಲ್ಲಿ ಒಂದು ಗದ್ದೆ ಕೊಟ್ಟರು. ಕಲ್ಲನ್ನು ತೋರಿಸಿ, ನೀನೂ ಅವನ ಹಾಗೆ ಇರಬೇಕು ಎಂದರು."

"ಥೂ! ಎಂಥ ಜನ ಅವರು! ಕಣ್ಣೆದುರಿಗೇ ಒಬ್ಬ ಸತ್ತರೂ ಬುದ್ಧಿ ಬರಲಿಲ್ಲವೇ?"

ಗುರುಗಳು ಕಜ್ಜಾಯದ ಎಲೆಯನ್ನು ಅವನ ಕಡೆಗೆ ಸರಿಸಿದರು.

"ಗವಿರಂಗ, ನಿನ್ನೆ ನಿಮ್ಮ ಅತ್ತಿಗೆ ಉಂಡದ್ದನ್ನು ನೀನು ಕಂಡೆಯಾ?"